ಒಂದೇ ಮಾತಿನ ಮರಣ

ಪಾತ್ರವೊಂದನ್ನು ತಾನೇ ಧರಿಸಿ ಆಡುವ ಮಾಯಾಲೋಕದ ವಿಡಿಯೋ ಆಟಗಳಲ್ಲಿ, ಉಚ್ಚರಿಸಿದೊಡನೆ ಎದುರಾಳಿಯ ಪ್ರಾಣ ತೆಗೆಯುವ ಮಂತ್ರಗಳಿರುತ್ತವೆ. ಮೇಲ್ನೋಟಕ್ಕೆ ಇವೆಲ್ಲ ಒಂದೇ ಎನಿಸಬಹುದು. ಅಕ್ಕಪಕ್ಕ ಇಟ್ಟು ನೋಡಿದರೆ, ಆಟದೊಳಗಿನ ಸಾವು ಯಾವಾಗ ನ್ಯಾಯವೆನಿಸುತ್ತದೆ ಎಂಬ ಪ್ರಶ್ನೆಗೆ ಅವು ಕೊಡುವ ಉತ್ತರಗಳು ಬೇರೆಬೇರೆ ಎಂಬುದು ತಿಳಿಯುತ್ತದೆ.

ಈ ಚರಿತ್ರೆ ಕಂಪ್ಯೂಟರಿನಲ್ಲಿ ಅಲ್ಲ, ಮೇಜಿನ ಮೇಲೆ ಮೊದಲಾಯಿತು. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಚೈನ್‌ಮೇಲ್’ ಎಂಬ ಯುದ್ಧದಾಟದಲ್ಲಿ ಸಾಮಾನ್ಯ ಸೈನಿಕ ಒಂದೇ ಏಟಿಗೆ ಸಾಯುತ್ತಿದ್ದ. ಬೊಂಬೆಗಳ ದಂಡನ್ನು ನಡೆಸುವವರಿಗೆ ಅದು ನಷ್ಟವೆನಿಸಲಿಲ್ಲ. ಆದರೆ ಡೇವ್ ಆರ್ನೆಸನ್ನರ ಆಟಗಾರರು ಒಬ್ಬೊಬ್ಬ ವೀರನನ್ನೇ ತಮ್ಮದಾಗಿಸಿಕೊಂಡು ಆಡತೊಡಗಿದಾಗ, ಅವನನ್ನು ಒಂದೇ ಏಟಿಗೆ ಕಳೆದುಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ಆರ್ನೆಸನ್ ನೌಕಾಯುದ್ಧದ ಆಟಗಳಿಂದ ಒಂದು ಉಪಾಯವನ್ನು ಎರವಲು ತಂದರು: ಹಡಗು ಹಲವು ಏಟು ತಾಳಿಕೊಂಡು ಮುಳುಗುವಂತೆ ವೀರನಿಗೂ ತಾಳಿಕೆಯ ಒಂದು ಲೆಕ್ಕ. ಅದೇ ‘ಹಿಟ್ ಪಾಯಿಂಟ್’. ಗ್ಯಾರಿ ಗೈಗ್ಯಾಕ್ಸ್ ಜೊತೆಗೂಡಿ ಅವರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಲೆಕ್ಕದ ಮೇಲೆಯೇ ನಿಂತಿತು.

ಹೀಗೆ ಮುಂದೂಡಿದ ಸಾವನ್ನು ಅದೇ ಆಟದ ಮಂತ್ರಗಳು ಹಿಂದಿನ ಬಾಗಿಲಿನಿಂದ ಒಳಗೆ ಕರೆದವು. ಸತ್ತವರನ್ನು ಎಬ್ಬಿಸುವ ಮಂತ್ರವನ್ನು ದುಷ್ಟ ಪುರೋಹಿತರು ತಿರುಗಿಸಿ ಪ್ರಯೋಗಿಸಿದರೆ ಅದು ‘ಫಿಂಗರ್ ಆಫ್ ಡೆತ್’ ಆಗುತ್ತಿತ್ತು. ಮೃತಸಂಜೀವಿನಿಯೇ ಮಗುಚಿ ಮಾರಣವಾದಂತೆ. ಗುರಿಯಾದವನಿಗೆ ಉಳಿದದ್ದು ದಾಳದ ಒಂದು ಎಸೆತ ಮಾತ್ರ: ಗೆದ್ದರೆ ಬದುಕು, ಸೋತರೆ ಸಾವು. 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಬಂದ ‘ಪವರ್ ವರ್ಡ್ ಕಿಲ್’ ಇನ್ನೊಂದು ದಾರಿ ಹಿಡಿಯಿತು. 1978ರ ನಿಯಮಪುಸ್ತಕದ ಪ್ರಕಾರ, ಗುರಿಯಾದವನಲ್ಲಿ 60 ಅಥವಾ ಅದಕ್ಕಿಂತ ಕಡಿಮೆ ಹಿಟ್ ಪಾಯಿಂಟ್ ಉಳಿದಿದ್ದರೆ ಸಾವು ಖಚಿತ. ಹೆಚ್ಚಿದ್ದರೆ ಮಾತು ವ್ಯರ್ಥ.

ಮೊದಲನೆಯದು ಅದೃಷ್ಟದ ಸಾವು, ಎರಡನೆಯದು ಲೆಕ್ಕದ ಸಾವು. ಅದೃಷ್ಟದ ಮಂತ್ರ ಫಲಿಸಿದರೆ, ಅಷ್ಟು ಹೊತ್ತು ಕತ್ತಿ ಬೀಸಿದ ಸಂಗಡಿಗರ ಶ್ರಮಕ್ಕೆ ಬೆಲೆಯಿಲ್ಲ. ಲೆಕ್ಕದ ಮಂತ್ರಕ್ಕಾದರೋ ಅವರ ಒಂದೊಂದು ಏಟೂ ಬೇಕು. ಎಲ್ಲರೂ ಸೇರಿ ಶತ್ರುವನ್ನು ಕುಗ್ಗಿಸಿದ ಮೇಲಷ್ಟೇ ಮಾಂತ್ರಿಕನ ಮಾತಿಗೆ ಬಲ.

ಕಂಪ್ಯೂಟರ್ ಆಟಗಳು ಮೊದಮೊದಲು ಅದೃಷ್ಟದ ಕಡೆಗೇ ಹೆಚ್ಚು ವಾಲಿದವು. 1981ರ ‘ವಿಜರ್ಡ್ರಿ’ಯಲ್ಲಿ ‘ಬಾದಿ’ ಎಂಬ ಮಂತ್ರ ಹೃದಯವನ್ನೇ ನಿಲ್ಲಿಸಬಲ್ಲದು, ಆದರೆ ಫಲಿಸುವ ಭರವಸೆಯಿಲ್ಲ. ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ ಸರಣಿಯಲ್ಲಿ ‘ಜಾಕಿ’, ‘ಜಾರಾಕಿ’ ಎಂಬ ಮರಣಮಂತ್ರಗಳಿವೆ. ಮುಖ್ಯ ಶತ್ರುಗಳು ಇವುಗಳಿಗೆ ಬಗ್ಗುವುದಿಲ್ಲ. ಬಗ್ಗಿದರೆ ಕಥೆಯ ಮಹಾಯುದ್ಧ ಕ್ಷಣದಲ್ಲಿ ಮುಗಿದುಹೋದೀತು. 1990ರ ನಾಲ್ಕನೆಯ ಭಾಗದ ಕೊನೆಯ ಅಧ್ಯಾಯದಲ್ಲಿ ಸಂಗಡಿಗರು ಆಟಗಾರನ ಅಪ್ಪಣೆಗೆ ಕಾಯದೆ ತಾವೇ ಹೋರಾಡುತ್ತಿದ್ದರು. ಅವರಲ್ಲಿ ಕ್ಲಿಫ್ಟ್ ಎಂಬ ಪುರೋಹಿತ, ಫಲಿಸದ ಶತ್ರುವಿನ ಮೇಲೂ ಮರಣಮಂತ್ರವನ್ನೇ ಜಪಿಸಿ ಜಪಾನಿನ ಆಟಗಾರರ ನಡುವೆ ನಗೆಮಾತಾದ. ಬೇಡದ ಕಡೆ ಫಲಿಸಿ ಬೇಕಾದ ಕಡೆ ಸೋಲುವ ಮಂತ್ರದ ಕೊರತೆಯನ್ನು ಅವನಷ್ಟು ಚೆನ್ನಾಗಿ ತೋರಿಸಿದವರಿಲ್ಲ.

ಅದೇ ಮಂತ್ರ ಶತ್ರುವಿನ ಬಾಯಲ್ಲಿ ಬಂದರೆ ನಗೆ ನಿಲ್ಲುತ್ತದೆ. ಗಂಟೆಗಟ್ಟಲೆ ಬೆಳೆಸಿದ ವೀರ ಒಂದು ಎಸೆತಕ್ಕೆ ಉರುಳಿದಾಗ ಆಟಗಾರನ ಪಾಲಿಗೆ ಬರುವುದು, ಆರ್ನೆಸನ್ನರ ಗೆಳೆಯರು ತಪ್ಪಿಸಿಕೊಳ್ಳಬಯಸಿದ ಅದೇ ನಷ್ಟ. ಮುಂದಿನ ಪರಿಷ್ಕರಣೆಗಳು ಈ ಅಸಮಾಧಾನದ ದಿಕ್ಕಿನಲ್ಲೇ ನಡೆದವು. 2014ರ ಐದನೆಯ ಆವೃತ್ತಿಯಲ್ಲಿ ‘ಫಿಂಗರ್ ಆಫ್ ಡೆತ್’ ನೇರವಾಗಿ ಕೊಲ್ಲುವುದನ್ನು ಬಿಟ್ಟು ಭಾರಿ ಗಾಯ ಮಾಡುವ ಮಂತ್ರವಾಯಿತು. ‘ಪವರ್ ವರ್ಡ್ ಕಿಲ್’ ಮಾತ್ರ 100ರ ಮಿತಿಯೊಡನೆ ತನ್ನ ಹೆಸರನ್ನು ಉಳಿಸಿಕೊಂಡಿತು. 2024ರ ಪರಿಷ್ಕರಣೆಯಲ್ಲಿ, ಮಿತಿ ಮೀರಿದವನೂ ಬರಿಗೈಯಲ್ಲಿ ಪಾರಾಗದೆ ಗಾಯಗೊಳ್ಳುವಂತಾಯಿತು.

ಕರ್ಣನ ಬಳಿಯಿದ್ದ ಇಂದ್ರದತ್ತ ಶಕ್ತಿ ಒಮ್ಮೆ ಮಾತ್ರ ಪ್ರಯೋಗಿಸಬಹುದಾದದ್ದು. ಅರ್ಜುನನಿಗೆಂದು ಕಾದಿರಿಸಿದ್ದು ಘಟೋತ್ಕಚನಿಗೆ ವ್ಯಯವಾಯಿತು. ಅಲ್ಲಿ ತಡೆಯಲಾಗದ ಸಾವಿಗೆ ಅದನ್ನು ಎಸೆದವನೇ ಬೆಲೆ ತೆತ್ತ. ಅರ್ಧ ಶತಮಾನದ ತಿದ್ದುಪಡಿಗಳಲ್ಲಿ ಈ ಆಟಗಳು ಕಂಡುಕೊಂಡದ್ದೂ ಇಂಥದೇ ವಿವೇಕ: ಒಂದೇ ಮಾತಿನ ಮರಣವನ್ನು ಆಟಗಾರ ಸಹಿಸಬೇಕಾದರೆ, ಆ ಮಾತಿನ ಹಿಂದೆ ಯಾರದಾದರೂ ದುಡಿಮೆಯೋ ತ್ಯಾಗವೋ ಇರಬೇಕು.