ದೇವಿಮನೆ ಘಟ್ಟದ ಹತ್ತಿ ದಾರಿ ಮತ್ತು ನಮ್ಮ ಗಜನಿ

ದೇವಿಮನೆ ಘಟ್ಟ ಅಂದ್ರೆ ನಮಗೆಲ್ಲ ಶಿರಸಿಗೆ ಹೋಗುವ ಬಸ್ಸಿನ ದಾರಿ, ಅಷ್ಟೇ. ಈ ಸಲ ಗದ್ದೆ ಕೆಲಸ ಕಡಿಮೆ ಇದ್ದಾಗ ದೇವಿಮನೆಯಿಂದ ಕತಗಾಲ, ಅಲ್ಲಿಂದ ದೀವಗಿ ತನಕ ನಡೆದೇ ಬಂದೆ. ಈ ರಸ್ತೆ ಯಾರಿಗೋಸ್ಕರ ಆದದ್ದು ಅನ್ನೋದನ್ನು ಬರೀತಾ ಇದ್ದೇನೆ.

ಮೊದಲು ಘಟ್ಟ ಹತ್ತಿ ಇಳೀತಾ ಇದ್ದದ್ದು ಹೇರು ಹೊತ್ತ ಎತ್ತುಗಳು. ಗಾಡಿ ದಾರಿ ಬೇಕಾದದ್ದು ಮುಖ್ಯವಾಗಿ ಹತ್ತಿಗೆ. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಶಿರಸಿ ಮೇಲೆ ಬಂದು ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಬೊಂಬಾಯಿಗೆ, ಮುಂದೆ ಇಂಗ್ಲೆಂಡಿನ ಗಿರಣಿಗೆ. ಕುಮಟಾದಲ್ಲಿ ಹತ್ತಿ ಹೊಲ ಎಲ್ಲಿದೆ ಹೇಳಿ! ಆದ್ರೂ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಅಂತಲೇ ಹೆಸರು. ಬೆಳೆದವನ ಊರು ಮರೆತುಹೋಯ್ತು, ಸಾಗಿಸಿದ ಊರಿನ ಹೆಸರು ನಿಂತಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಿತು. ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಆಗ ಧಾರವಾಡ ಬೊಂಬಾಯಿ ಸರಕಾರದ್ದು, ಕುಮಟಾ ಮದ್ರಾಸಿನದ್ದು. ಹತ್ತಿ ಒಂದೇ, ಸರಕಾರ ಎರಡು. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಸೇರಿಸಿದರು. ಅದರ ಹಿಂದೆ ಹತ್ತಿಯವರ ಒತ್ತಾಯವೂ ಇತ್ತು. ನಮ್ಮ ಅಜ್ಜಂದಿರನ್ನು ಯಾರೂ ಕೇಳಿರಲಿಕ್ಕಿಲ್ಲ.

ಘಟ್ಟದಲ್ಲಿ ಈಗಲೂ ಎರಡೂ ಬದಿ ಕಾಡು. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆ ಮಾತ್ರ ಕೆಂಪು ಮಣ್ಣು ಹಸಿ ಗಾಯದ ಹಾಗೆ ಕಾಣ್ತದೆ. ಇದೇ ಕಾಡಿನಲ್ಲಿ ಕುಮರಿ ಬೇಸಾಯ ಮಾಡ್ತಿದ್ದವರಿಗೆ 1860ರ ಹೊತ್ತಿಗೆ ಬ್ರಿಟಿಷರು ನಿರ್ಬಂಧ ಹಾಕಿದ್ದರು, ಮರ ಹಾಳಾಗ್ತದೆ ಅಂತ. ಗಾಡಿಗೆ ದಾರಿ ಬಿಟ್ಟ ಕಾಡು ಬಡವನ ರಾಗಿಗೆ ಬಿಡಲಿಲ್ಲ.

ಕತಗಾಲ ದಾಟಿ ದೀವಗಿ ಹತ್ತಿರ ಬಂದಂತೆ ಗಾಳಿಗೆ ಉಪ್ಪಿನ ವಾಸನೆ. ಅಘನಾಶಿನಿ ಅಗಲ ಆಗ್ತಾಳೆ, ಕಾಂಡ್ಲಾ ಗಿಡ ಶುರುವಾಗ್ತದೆ, ಆಮೇಲೆ ಗಜನಿ. ಸಾಣಿಕಟ್ಟೆಯ ಉಪ್ಪು ಘಟ್ಟದ ಮೇಲಿನವರ ಮನೆ ತಲುಪುತ್ತಿದ್ದದ್ದೂ ಇಂಥ ದಾರಿಗಳಲ್ಲೇ.

ಆದರೆ ಹತ್ತಿಯ ಭರಾಟೆ ಎಷ್ಟು ದಿನ? 1865ಕ್ಕೆ ಯುದ್ಧ ಮುಗೀತು, ಬೆಲೆ ಬಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಗೋವಾದ ಮುರ್ಮಗೋವಾ ಬಂದರಿಗೆ ಹಳಿ ಆಯ್ತು. ಹತ್ತಿ ಅತ್ತ ಹೋಯ್ತು, ಕುಮಟಾ ಬಂದರು ಸೊರಗಿತು. ಕುಮಟಾಕ್ಕೆ ರೈಲು ಬರಲು 1990ರ ದಶಕ ಬೇಕಾಯ್ತು.

ಇಷ್ಟೆಲ್ಲ ಬಂದು ಹೋದರೂ ಉಳಿದದ್ದು ಕಗ್ಗ ಭತ್ತ. ಮಳೆ ನೀರು ಉಪ್ಪು ತೊಳೆದ ಮೇಲೆ ಮೊಳಕೆ ಬೀಜ ಚೆಲ್ಲೋದು, ಗೊಬ್ಬರ ಇಲ್ಲ, ಔಷಧಿ ಇಲ್ಲ. ನಾಲ್ಕು ದಿನ ನೆರೆ ನಿಂತರೂ ಜಗ್ಗೋದಿಲ್ಲ. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು. ಕೊಳೆತ ಕೂಳೆ ಅವಕ್ಕೆ ಆಹಾರ, ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರ. ಈ ಲೆಕ್ಕಕ್ಕೆ ಲಿವರ್‌ಪೂಲಿನ ದರ ಬೇಡ. ಬೇಕಾದದ್ದು ಒಡ್ಡು ಮಾತ್ರ.

ಒಡ್ಡು ಒಬ್ಬನ ಕೆಲಸ ಅಲ್ಲ ಮಾರಾಯ್ರೆ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ನೀರು ಬಿಡುವ ಹಲಗೆ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಅನ್ನೋದು ಊರು ಕೂತು ತೀರ್ಮಾನ ಮಾಡ್ತಿದ್ದ ವಿಷಯ. ಈಗ ಎಷ್ಟೋ ಗಜನಿ ಬೀಳು ಬಿದ್ದಿದೆ, ಕೆಲವು ಕಡೆ ವರ್ಷವಿಡೀ ಸಿಗಡಿಗೇ ನೀರು ನಿಲ್ಲಿಸಿದ್ದಾರೆ. ಸಿಗಡಿಯ ಬೆಲೆಯೂ ಹೊರಗಿನವರು ಕಟ್ಟುವ ಬೆಲೆಯೇ, ಹತ್ತಿಯ ಹಾಗೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ ಬಂದದ್ದು ಸಂತೋಷ. ಆದರೆ ಪಟ್ಟ ಬಂದು ಒಡ್ಡಿಗೆ ಮಣ್ಣು ಹಾಕೋದಿಲ್ಲ.

ಕಗ್ಗದ ಬೀಜ ಯಾರ ಮನೆಯಲ್ಲಿ ಉಳಿದಿದೆ ಹೇಳಿ, ಇಲ್ಲದವರಿಗೆ ಒಂದೊಂದು ಕೊಳಗ ಹಂಚೋಣ. ಮಳೆಗಿಂತ ಮೊದಲು ಒಂದು ಭಾನುವಾರ ಒಡ್ಡಿನ ಮೇಲೆ ಸೇರೋಣ. ಬರುವವರು ಬುಟ್ಟಿ, ಗುದ್ದಲಿ ತನ್ನಿ.