ಪ್ರಾಚೀನ ಗ್ರೀಕರ ರಥಸ್ಪರ್ಧೆ: ಗೆಲುವಿನ ಒಡೆತನ ಮತ್ತು ರಾಜಕಾರಣ

ಗ್ರೀಕರ ಕ್ರೀಡೋತ್ಸವಗಳೆಂದ ಕೂಡಲೇ ಓದುಗರ ಕಣ್ಣಮುಂದೆ ನಿಲ್ಲುವವರು ಬರಿಮೈಯ ಓಟಗಾರರು, ಮಲ್ಲರು, ಚಕ್ರ ಎಸೆಯುವ ತರುಣರು. ಅಲ್ಲಿ ಸೆಣಸಿದವನೇ ಗೆಲ್ಲುತ್ತಾನೆ. ಗೆದ್ದವನ ತಲೆಗೇ ಎಲೆಯ ಕಿರೀಟ ಸಲ್ಲುತ್ತದೆ. ಅದೇ ಉತ್ಸವಗಳಲ್ಲಿ ಅತ್ಯಂತ ವೈಭವದ್ದೂ ದುಬಾರಿಯಾದದ್ದೂ ಆಗಿದ್ದ ರಥಸ್ಪರ್ಧೆಗೆ ಮಾತ್ರ ಈ ನಿಯಮ ಅನ್ವಯವಾಗುತ್ತಿರಲಿಲ್ಲ. ಪ್ರಾಣವನ್ನು ಪಣವಾಗಿಟ್ಟು ಲಗಾಮು ಹಿಡಿಯುವವನು ಸಾರಥಿ. ವಿಜಯಿಯೆಂದು ಘೋಷಿತನಾಗುವವನು ಕುದುರೆಗಳ ಒಡೆಯ. ಆ ಒಡೆಯನು ಪಂದ್ಯದ ಬಯಲಿನಲ್ಲಿ ಹಾಜರಿರಬೇಕೆಂಬ ಕಟ್ಟಳೆಯೂ ಇರಲಿಲ್ಲ. ರಥಸ್ಪರ್ಧೆಯು ಕ್ರೀಡೆಯ ಎಲ್ಲೆಯನ್ನು ಮೀರಿ ರಾಜಕಾರಣದ ಸಾಧನವಾಗಲು ಈ ಒಂದು ನಿಯಮವೇ ಮುಖ್ಯ ಕಾರಣವೆನ್ನಬೇಕು.

ರಥವೆಂಬ ಪದ ಕನ್ನಡಿಗರಿಗೆ ದೇವಾಲಯದ ತೇರನ್ನು ನೆನಪಿಸುವುದು ಸಹಜ. ಗ್ರೀಕರ ಪಂದ್ಯದ ರಥ ಅದಕ್ಕೆ ತೀರ ವ್ಯತಿರಿಕ್ತವಾದದ್ದು: ಎರಡೇ ಚಕ್ರಗಳ, ಹಿಂಬದಿ ತೆರೆದಿರುವ, ಒಬ್ಬ ಸಾರಥಿ ನಿಲ್ಲುವಷ್ಟು ಜಾಗವುಳ್ಳ ಹಗುರ ಗಾಡಿ. ಈ ಸ್ಪರ್ಧೆಯ ಮೊದಲ ವಿಸ್ತಾರವಾದ ವರ್ಣನೆ ಹೋಮರನ ಇಲಿಯಡ್ ಮಹಾಕಾವ್ಯದ 23ನೆಯ ಸರ್ಗದಲ್ಲಿ, ಪೆಟ್ರೋಕ್ಲಸನ ಅಂತ್ಯಕ್ರಿಯೆಯ ಸಂದರ್ಭದಲ್ಲಿ ಬರುತ್ತದೆ. ಅಲ್ಲಿ ಐವರು ವೀರರು ತಾವೇ ರಥ ನಡೆಸುತ್ತಾರೆ. ಡಯೊಮಿಡೀಸನು ಮೊದಲಿಗನಾಗುತ್ತಾನೆ. ಆಂಟಿಲೋಕಸನು ಇಕ್ಕಟ್ಟಾದ ಹಾದಿಯಲ್ಲಿ ಮೆನೆಲಾಸನನ್ನು ಹಿಂದಕ್ಕೆ ಸರಿಯುವಂತೆ ಮಾಡಿ ಎರಡನೆಯ ಸ್ಥಾನ ಪಡೆಯುತ್ತಾನೆ. ರಥ ಮುರಿದು ಕಡೆಯವನಾಗಿ ಬಂದ ಯೂಮೆಲಸನು ನಿಜಕ್ಕೂ ಎಲ್ಲರಿಗಿಂತ ಉತ್ತಮ ಸಾರಥಿಯೆಂದು ಅಕಿಲೀಸನು ಎರಡನೆಯ ಬಹುಮಾನವನ್ನು ಅವನಿಗೆ ಕೊಡಲು ಮುಂದಾಗುತ್ತಾನೆ. ಆಂಟಿಲೋಕಸನು ಪ್ರತಿಭಟಿಸುತ್ತಾನೆ. ಇತ್ತ ಮೆನೆಲಾಸನು, ಮೋಸ ಮಾಡಿಲ್ಲವೆಂದು ಕುದುರೆಗಳನ್ನು ಮುಟ್ಟಿ ಆಣೆಯಿಡುವಂತೆ ಆಂಟಿಲೋಕಸನನ್ನೇ ಕೇಳುತ್ತಾನೆ. ಆ ತರುಣ ಆಣೆಯಿಡದೆ ಬಹುಮಾನವನ್ನು ಒಪ್ಪಿಸಿಬಿಡುತ್ತಾನೆ. ಗುರಿ ಮುಟ್ಟಿದ ಕ್ರಮಕ್ಕೂ ಗೌರವಕ್ಕೂ ಇರುವ ಸಂಬಂಧ ಸರಳವಲ್ಲವೆಂಬ ಅರಿವು ಗ್ರೀಕ್ ಸಾಹಿತ್ಯದ ಆರಂಭದಲ್ಲಿಯೇ ಇದ್ದಿತೆಂಬುದು ಇಲ್ಲಿ ಗಮನಾರ್ಹ.

ಸಾಂಪ್ರದಾಯಿಕ ಕಾಲಗಣನೆಯಂತೆ ಒಲಿಂಪಿಯಾದಲ್ಲಿ ನಾಲ್ಕು ಕುದುರೆಗಳ ರಥಸ್ಪರ್ಧೆ ಸೇರ್ಪಡೆಯಾದದ್ದು ಕ್ರಿ.ಪೂ. 680ರಲ್ಲಿ. ಎರಡು ಕುದುರೆಗಳ ಸ್ಪರ್ಧೆ ಬಂದದ್ದು ಬಹಳ ತಡವಾಗಿ, ಕ್ರಿ.ಪೂ. 408ರಲ್ಲಿ. ಹೇಸರಗತ್ತೆಗಳ ಗಾಡಿಯ ಪಂದ್ಯವೂ ಕೆಲವು ದಶಕಗಳ ಕಾಲ ನಡೆದು ಕ್ರಿ.ಪೂ. 444ರಲ್ಲಿ ನಿಂತುಹೋಯಿತು. ನಾಲ್ಕು ಕುದುರೆಗಳಲ್ಲಿ ನಡುವಿನ ಎರಡಕ್ಕೆ ಮಾತ್ರ ನೊಗ. ಅಂಚಿನ ಎರಡನ್ನು ಮಿಣಿಗಳಿಂದ ಕಟ್ಟುತ್ತಿದ್ದರು. ಬಯಲಿನ ಎರಡು ತುದಿಗಳಲ್ಲಿ ತಿರುವಿನ ಕಂಬಗಳು. ಹನ್ನೆರಡು ಸುತ್ತು ಓಡಬೇಕಾಗಿತ್ತು. ರೋಮನ್ನರ ಪಂದ್ಯದ ಅಂಗಣದಲ್ಲಿದ್ದಂತೆ ಎರಡು ಬದಿಯ ಓಟವನ್ನು ಬೇರ್ಪಡಿಸುವ ನಡುಗೋಡೆ ಇಲ್ಲಿ ಇರಲಿಲ್ಲವಾದ್ದರಿಂದ, ತಿರುಗಿ ಬರುವ ರಥಗಳು ಎದುರು ರಥಗಳಿಗೆ ಡಿಕ್ಕಿಯಾಗುವ ಅಪಾಯ ಸದಾ ಇತ್ತು. ಕ್ರಿ.ಪೂ. 462ರ ಡೆಲ್ಫಿಯ ಪಂದ್ಯದಲ್ಲಿ ನಲವತ್ತು ಸಾರಥಿಗಳು ಬಿದ್ದ ನಡುವೆಯೂ ಸಿರೀನಿಯ ಅರಸ ಆರ್ಸೆಸಿಲಾಸನ ರಥ ಚೂರೂ ಊನವಾಗದೆ ಉಳಿಯಿತೆಂದು ಪಿಂಡಾರ್ ಕವಿ ಹೇಳುತ್ತಾನೆ. ಸಂಖ್ಯೆಯಲ್ಲಿ ಕವಿಯ ಉತ್ಪ್ರೇಕ್ಷೆ ಇರಬಹುದಾದರೂ ಅಪಾಯದ ಚಿತ್ರ ಸುಳ್ಳಲ್ಲ.

ಒಲಿಂಪಿಯಾದ ರಥಾಂಗಣವನ್ನು ಕ್ರಿ.ಶ. ಎರಡನೆಯ ಶತಮಾನದಲ್ಲಿ ಕಂಡ ಪ್ರವಾಸಿ ಪಾಸೇನಿಯಸನು ಅದರ ಆರಂಭದ್ವಾರವನ್ನು ಹಡಗಿನ ಮೂತಿಗೆ ಹೋಲಿಸಿದ್ದಾನೆ. ಕ್ಲಿಯೋಟಸನೆಂಬ ಶಿಲ್ಪಿ ರೂಪಿಸಿದ ಈ ಏರ್ಪಾಡಿನಲ್ಲಿ ಕಂಚಿನ ಹದ್ದೊಂದು ಮೇಲಕ್ಕೇರುತ್ತಿತ್ತು, ಡಾಲ್ಫಿನ್ ಕೆಳಕ್ಕಿಳಿಯುತ್ತಿತ್ತು. ಅಂಚಿನಿಂದ ನಡುವಿನವರೆಗೆ ಹಗ್ಗಗಳು ಒಂದೊಂದಾಗಿ ಸಡಿಲಗೊಂಡು ರಥಗಳಿಗೆ ದಾರಿ ಬಿಡುತ್ತಿದ್ದವು. ಕುದುರೆಗಳನ್ನು ಬೆದರಿಸುವ ಶಕ್ತಿಯೊಂದು ಅಲ್ಲಿಯ ಬಲಿಪೀಠವೊಂದರಲ್ಲಿ ನೆಲೆಸಿದೆಯೆಂಬ ನಂಬಿಕೆಯನ್ನೂ ಅವನು ದಾಖಲಿಸಿದ್ದಾನೆ. ಆಲ್ಫಿಯಸ್ ನದಿಯ ನೆರೆ ಈ ಅಂಗಣವನ್ನು ಹೂಳಿಹಾಕಿತು. 2008ರಲ್ಲಿ ಜರ್ಮನ್ ಸಂಶೋಧಕರು ಭೂಭೌತ ಸಮೀಕ್ಷೆಯ ಮೂಲಕ ಅದರ ಜಾಡನ್ನು ಗುರುತಿಸಿರುವುದಾಗಿ ಪ್ರಕಟಿಸಿದರು.

ಕುದುರೆ ಸಾಕುವುದು ಸಿರಿವಂತರ ಕೆಲಸ. ಆದ್ದರಿಂದ ರಥದ ಗೆಲುವು ಸಂಪತ್ತಿನ ಪ್ರದರ್ಶನವಾಯಿತು, ಕೆಲವೊಮ್ಮೆ ಕೊಡುಕೊಳ್ಳುವ ಸರಕೂ ಆಯಿತು. ಹೆರೊಡೋಟಸನು ಹೇಳುವ ಅಥೆನ್ಸಿನ ಕೈಮನ್‌ನ ವೃತ್ತಾಂತ ಇದಕ್ಕೆ ಒಳ್ಳೆಯ ನಿದರ್ಶನ. ನಿರಂಕುಶಾಧಿಕಾರಿ ಪೈಸಿಸ್ಟ್ರೇಟಸನಿಂದಾಗಿ ದೇಶಭ್ರಷ್ಟನಾಗಿದ್ದ ಕೈಮನ್ ಒಲಿಂಪಿಯಾದಲ್ಲಿ ರಥದ ಗೆಲುವು ಪಡೆದನು. ಅವೇ ಹೆಣ್ಣುಕುದುರೆಗಳಿಂದ ಎರಡನೆಯ ಬಾರಿ ಗೆದ್ದಾಗ ಆ ಗೆಲುವನ್ನು ಪೈಸಿಸ್ಟ್ರೇಟಸನ ಹೆಸರಿನಲ್ಲಿ ಸಾರಿಸಿ, ಪ್ರತಿಯಾಗಿ ಊರಿಗೆ ಮರಳುವ ಅನುಮತಿ ಪಡೆದನು. ಮೂರನೆಯ ಗೆಲುವಿನ ನಂತರ, ಪೈಸಿಸ್ಟ್ರೇಟಸನು ತೀರಿಕೊಂಡಿದ್ದ ಕಾಲದಲ್ಲಿ, ಅವನ ಮಕ್ಕಳು ಕೈಮನ್‌ನನ್ನು ಕೊಲ್ಲಿಸಿದರು. ಕುದುರೆಗಳನ್ನು ಅವನ ಗೋರಿಯ ಎದುರಿಗೇ ಹೂಳಲಾಯಿತು.

ಕ್ರಿ.ಪೂ. 420ರಲ್ಲಿ ಸ್ಪಾರ್ಟಾದವರಿಗೆ ಒಲಿಂಪಿಯಾದಲ್ಲಿ ನಿಷೇಧವಿದ್ದಾಗ ಲೀಕಾಸನೆಂಬ ಸ್ಪಾರ್ಟಾದವನ ರಥ ಬಿಯೋಷಿಯಾ ಜನತೆಯ ಹೆಸರಿನಲ್ಲಿ ಗೆದ್ದಿತು. ರಥ ತನ್ನದೆಂದು ತೋರಿಸಲು ಅವನು ಬಯಲಿಗಿಳಿದು ಸಾರಥಿಗೆ ಪಟ್ಟಿ ಕಟ್ಟಿದನು. ತೀರ್ಪುಗಾರರ ಆಳುಗಳು ಅವನಿಗೆ ಚಾವಟಿಯ ಏಟು ಕೊಟ್ಟರು. ಮುಂದಿನ ಉತ್ಸವದಲ್ಲಿ, ಕ್ರಿ.ಪೂ. 416ರಲ್ಲಿ, ಅಥೆನ್ಸಿನ ಆಲ್ಸಿಬಯಾಡೀಸನು ಏಳು ರಥಗಳನ್ನು ಇಳಿಸಿದನು. ಮೊದಲ, ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳು ಅವನಿಗೆ ಬಂದವೆಂದು ಥ್ಯುಸಿಡಿಡೀಸ್ ಬರೆಯುತ್ತಾನೆ. ಸಿಸಿಲಿಯ ದಂಡಯಾತ್ರೆಯ ನಾಯಕತ್ವಕ್ಕೆ ತನ್ನ ಅರ್ಹತೆಯನ್ನು ಸಮರ್ಥಿಸುವಾಗ ಆಲ್ಸಿಬಯಾಡೀಸನು ಈ ಗೆಲುವನ್ನೇ ಮುಂದಿಟ್ಟನು. ಅವನು ತಾನೇ ಒಂದು ಸುತ್ತನ್ನೂ ಓಡಿಸಿರಲಿಲ್ಲವೆಂಬುದು ಆ ವಾದಕ್ಕೆ ಅಡ್ಡಿಯಾಗಲಿಲ್ಲ. ಆದರೆ ರಥಗಳಲ್ಲೊಂದರ ಕುದುರೆಗಳು ಬೇರೊಬ್ಬನವೆಂಬ ಆರೋಪ ಎದ್ದು, ಆ ದಾವೆ ಅವನ ಮಗನವರೆಗೂ ಬೆನ್ನುಹತ್ತಿತು. ಮಗನಿಗಾಗಿ ಐಸಾಕ್ರೆಟೀಸ್ ಬರೆದುಕೊಟ್ಟ ವಾದಪತ್ರ ಇಂದಿಗೂ ಲಭ್ಯವಿದೆ.

ಇದೇ ನಿಯಮ ಇನ್ನೊಂದು ಅನಿರೀಕ್ಷಿತ ಬಾಗಿಲನ್ನು ತೆರೆಯಿತು. ವಿವಾಹಿತ ಸ್ತ್ರೀಯರು ಒಲಿಂಪಿಯಾದ ಸ್ಪರ್ಧೆಗಳನ್ನು ನೋಡುವಂತಿರಲಿಲ್ಲ. ಆದರೆ ಕುದುರೆಗಳ ಒಡತಿಯಾಗಲು ಅಡ್ಡಿಯಿರಲಿಲ್ಲ. ಸ್ಪಾರ್ಟಾದ ರಾಜಪುತ್ರಿ ಕಿನಿಸ್ಕಾ ಕ್ರಿ.ಪೂ. 396 ಮತ್ತು 392ರಲ್ಲಿ ವಿಜಯಿಯಾದಳೆಂದು ಸಾಮಾನ್ಯವಾಗಿ ಅಂಗೀಕರಿಸಲಾಗಿದೆ. ಈ ಗೆಲುವು ಪೌರುಷದ್ದಲ್ಲ, ಹಣದ್ದು ಎಂದು ತೋರಿಸುವುದಕ್ಕಾಗಿ ಅವಳ ಸಹೋದರ ಅಗೆಸಿಲಾಸ್ ದೊರೆಯೇ ಅವಳನ್ನು ಪ್ರೇರೇಪಿಸಿದನೆಂದು ಜೆನೊಫನ್ ಹೇಳುತ್ತಾನೆ. ಜೆನೊಫನ್ ಆ ದೊರೆಯ ಆಪ್ತನೂ ಅಭಿಮಾನಿಯೂ ಆಗಿದ್ದನೆಂಬುದನ್ನು ಮರೆಯಬಾರದು. ಒಲಿಂಪಿಯಾದಲ್ಲಿ ದೊರೆತ ಕಿನಿಸ್ಕಾಳ ಪೀಠಶಾಸನದ ದನಿಯೇ ಬೇರೆ: ತಂದೆಯೂ ಸಹೋದರರೂ ಸ್ಪಾರ್ಟಾದ ಅರಸರೆಂದು ಸಾರಿ, ಗ್ರೀಸಿನ ಸ್ತ್ರೀಯರಲ್ಲಿ ಈ ಕಿರೀಟ ಪಡೆದವಳು ತಾನೊಬ್ಬಳೇ ಎಂದು ಅದು ಉತ್ತಮಪುರುಷದಲ್ಲಿ ನುಡಿಯುತ್ತದೆ. ಇಂತಹ ಶಾಸನವನ್ನು ನಿಲ್ಲಿಸಿದವಳನ್ನು ಸಹೋದರನ ವಾದಕ್ಕೆ ಕೇವಲ ಉದಾಹರಣೆಯೆಂದು ಎಣಿಸುವುದು ಕಷ್ಟ. 2001ರಲ್ಲಿ ಪ್ರಕಟವಾದ ಮಿಲಾನ್ ಪಪೈರಸ್‌ನಲ್ಲಿರುವ, ಪೊಸಿಡಿಪ್ಪಸ್ ಕವಿಯದೆಂದು ಹೇಳಲಾಗುವ ಕಿರುಪದ್ಯವೊಂದು ಮ್ಯಾಸಿಡೋನಿಯಾ ಮೂಲದ ರಾಣಿ ಬೆರೆನೀಸಳ ಕುದುರೆಗಳು ಕಿನಿಸ್ಕಾಳ ಹಳೆಯ ಕೀರ್ತಿಯನ್ನು ಕಸಿದುಕೊಂಡವೆಂದು ಹೆಮ್ಮೆಪಡುತ್ತದೆ.

ಸಾರಥಿಗಳ ಹೆಸರುಗಳು ಉಳಿದಿರುವುದು ವಿರಳ. ಅವರಲ್ಲಿ ಅನೇಕರು ಕೂಲಿಗೆ ಬಂದವರು ಅಥವಾ ಗುಲಾಮರು. ಆರ್ಸೆಸಿಲಾಸನ ಸಾರಥಿ ಕರೋಟಸನನ್ನು ಪಿಂಡಾರ್ ಹೆಸರಿಸಿ ಹೊಗಳಿದ್ದುಂಟು. ಅವನು ಅರಸನ ಬಂಧುವೆಂದು ಪ್ರಾಚೀನ ಟೀಕಾಕಾರರು ಹೇಳುವುದರಿಂದ ಆ ಹೊಗಳಿಕೆಗೆ ಕಾರಣ ತಿಳಿಯುತ್ತದೆ. ಸ್ಪಾರ್ಟಾದ ಡ್ಯಾಮೊನಾನ್ ತನ್ನ ಶಾಸನದಲ್ಲಿ ತಾನೇ ರಥ ನಡೆಸಿ ಗೆದ್ದೆನೆಂದು ಒತ್ತಿ ಹೇಳಿಕೊಂಡಿದ್ದಾನೆ. ಹಾಗೆ ಒತ್ತಿ ಹೇಳಬೇಕಾಗಿ ಬಂದದ್ದೇ ವಾಡಿಕೆ ಬೇರೆಯಾಗಿತ್ತೆಂಬುದಕ್ಕೆ ಸಾಕ್ಷಿ. ಕ್ರಿ.ಶ. 67ರಲ್ಲಿ ರೋಮನ್ ಚಕ್ರವರ್ತಿ ನೀರೋ ಹತ್ತು ಕುದುರೆಗಳ ರಥವನ್ನು ತಾನೇ ನಡೆಸಿದನು, ಕೆಳಗೆ ಬಿದ್ದನು, ಓಟ ಮುಗಿಸಲಾರದೆ ಹೋದನು. ಕಿರೀಟ ಅವನಿಗೇ ಸಂದಿತು.

1896ರಲ್ಲಿ ಡೆಲ್ಫಿಯ ಉತ್ಖನನದಲ್ಲಿ ದೊರೆತ ಕಂಚಿನ ಸಾರಥಿಯ ವಿಗ್ರಹ ಸುಮಾರು 1.8 ಮೀಟರು ಎತ್ತರವಿದೆ. ಉದ್ದನೆಯ ನಿಲುವಂಗಿ, ತಲೆಗೆ ಪಟ್ಟಿ, ಕೈಯಲ್ಲಿ ಲಗಾಮಿನ ತುಣುಕುಗಳು. ಕ್ರಿ.ಪೂ. 470ರ ದಶಕದ ಈ ಕೊಡುಗೆ ಸಿಸಿಲಿಯ ಆಳುವ ಮನೆತನದ ಪಾಲಿಜಾಲಸನದು. ಪೀಠದ ಬರಹದ ಮೊದಲ ಸಾಲನ್ನು ಅಳಿಸಿ, ಗೆಲಾ ನಗರದ ಒಡೆತನವನ್ನು ಹೇಳುತ್ತಿದ್ದ ಮಾತುಗಳ ಜಾಗದಲ್ಲಿ ಬೇರೆ ಮಾತುಗಳನ್ನು ಕೆತ್ತಲಾಗಿದೆ. ಒಡೆಯನ ಬಿರುದಿನ ಬಗ್ಗೆ ಇಷ್ಟೊಂದು ಎಚ್ಚರ ವಹಿಸಿದ ಆ ಪೀಠದ ಉಳಿದ ಭಾಗದಲ್ಲಿ ಸಾರಥಿಯ ಹೆಸರಿಲ್ಲ.