ಮುಳುಗಿದ ಊರಿನ ಅಪ್ಪೆಮಿಡಿ (ನಮ್ಮೂರ ಕತೆ, ಭಾಗ 4)

ಜೋಗಕ್ಕೆ ಹೋಗಿ ರೀಲ್ಸ್ ಮಾಡಿದವರು ನಮ್ಮ ಕ್ಲಾಸಲ್ಲೇ ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಆದ್ರೆ ಜೋಗಕ್ಕಿಂತ ಮೇಲೆ ಶರಾವತಿ ನಿಂತಿರೋ ಜಾಗದ ಅಡಿಯಲ್ಲಿ ಏನಿದೆ ಅಂತ ಯೋಚಿಸಿದ್ದೀರಾ? ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ 👇

1/5 ಎರಡು ಸಲ ಏರಿದ ನೀರು
ಇಲ್ಲಿ ಮೊದಲು ಕಟ್ಟಿದ್ದು ಲಿಂಗನಮಕ್ಕಿ ಅಲ್ಲ. ಸಾಗರ ತಾಲ್ಲೂಕಿನ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಇತ್ತು. ಆ ನೀರನ್ನು ನೆಚ್ಚಿಕೊಂಡು 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯ್ತು; ಇವತ್ತು ಅದಕ್ಕೆ ಮಹಾತ್ಮ ಗಾಂಧಿ ಹೆಸರಿದೆ. ಕರೆಂಟಿನ ಬೇಡಿಕೆ ಬೆಳೀತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗೀತು. ಹೊಸ ನೀರು ಹಳೇ ಅಣೆಕಟ್ಟನ್ನೇ ನುಂಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಈಗಲೂ ಮೇಲೆದ್ದು ಕಾಣುತ್ತೆ. ಮನೆ, ಗದ್ದೆ, ಅಡಿಕೆ ತೋಟ, ಗುಡಿಗಳೂ ಮುಳುಗಿದವು.

2/5 ಯಾವ ಕಾಲಂಗೆ ಬರೀತೀರಿ?
ನಮ್ಮಜ್ಜಿಗೆ ಆಗ ಹತ್ತು ವರ್ಷ. ಲಾರಿಗೆ ಪಾತ್ರೆ, ಭತ್ತದ ಮೂಟೆ, ದೇವರ ಪೆಟ್ಟಿಗೆ ಏರಿಸಿದ್ದು ಅವರಿಗೆ ನೆನಪಿದೆ. ಮುತ್ತಜ್ಜಿ ಉಪ್ಪಿನಕಾಯಿ ಭರಣಿಯನ್ನು ಮಾತ್ರ ಲಾರಿಗೆ ಕೊಡದೆ ಮಡಿಲಲ್ಲೇ ಇಟ್ಕೊಂಡು ಕೂತಿದ್ದರಂತೆ. ನಾವು ಬಿಕಾಂನವರು ಆಸ್ತಿ ಅಂದ್ರೆ ಲೆಡ್ಜರ್ ತೆಗೀತೀವಿ. ಮನೆಗೆ, ಜಮೀನಿಗೆ ಪರಿಹಾರ ಅಂತ ಒಂದು ಮೊತ್ತ ಬರೀಬಹುದು. ಹೊಳೆದಂಡೆಯ ಅಪ್ಪೆಮರದ ಪರಿಮಳಕ್ಕೆ ಎಷ್ಟು ಬರೀತೀರಿ?

3/5 ಹೆಸರಿರೋ ಮರಗಳು
ಮಲೆನಾಡಿನ ಹೊಳೆದಂಡೆಗಳಲ್ಲಿ ಅಪ್ಪೆಮರ ತಾನಾಗಿ ಬೆಳೆಯುತ್ತೆ. ಒಂದೊಂದು ಮರದ ಮಿಡಿಗೂ ಒಂದೊಂದು ವಾಸನೆ: ಒಂದು ಜೀರಿಗೆ, ಇನ್ನೊಂದು ಕರ್ಪೂರ. ಹಾಗಾಗಿ ಜನ ಮರಕ್ಕೇ ಹೆಸರಿಡ್ತಾರೆ. ಅನಂತಭಟ್ಟನ ಅಪ್ಪೆ ಅಂತ ಒಂದು ಪ್ರಸಿದ್ಧ ತಳಿಯೇ ಇದೆ. ಒಬ್ಬ ಮನುಷ್ಯನ ಹೆಸರು ಮಿಡಿಯಲ್ಲಿ ಉಳಿದಿದೆ! ಗೊರಟು ನೆಟ್ಟರೆ ತಾಯಿಮರದ ಗುಣವೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಕಸಿ ಕಟ್ಟಬೇಕು. ಕಸಿ ಕಟ್ಟದೆ ಮುಳುಗಿದ ಮರದ ರುಚಿ ಅಲ್ಲಿಗೇ ಮುಗೀತು. ಅಜ್ಜಿ ಈಗಲೂ ಯಾರ ಮನೆ ಮಿಡಿ ಕಚ್ಚಿದ್ರೂ ಒಂದು ಕ್ಷಣ ಸುಮ್ಮನಾಗಿ, "ಚೆನ್ನಾಗಿದೆ, ನಮ್ಮ ಹೊಳೆಮರದ್ದಲ್ಲ" ಅಂತಾರೆ.

4/5 ಮುತ್ತಜ್ಜಿಯ ಕ್ರಮ
ಮಿಡಿ ನೆಲಕ್ಕೆ ಬೀಳಬಾರದು. ಪೆಟ್ಟಾದ್ರೆ ಕೊಳೆಯುತ್ತೆ. ಚೂರು ತೊಟ್ಟು ಉಳಿಸಿ ಕೊಯ್ದು, ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರೆಸಿ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ನಮ್ಮನೆ ಅಳತೆ ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು. ದಿನಾ ಒಮ್ಮೆ ಕುಲುಕಿ. ಎರಡು ಮೂರು ವಾರಕ್ಕೆ ಮಿಡಿ ಚಿರುಟಿ, ಉಪ್ಪುನೀರು ಬಿಟ್ಟಿರುತ್ತೆ. ಆ ನೀರನ್ನು ಸೋಸಿ ಕುದಿಸಿ, ಪೂರ್ತಿ ಆರಿಸಿ. ಸಾಸಿವೆ, ಒಣಮೆಣಸು, ಅರಿಶಿನ ಸೇರಿಸಿ ಅದೇ ನೀರಲ್ಲಿ ರುಬ್ಬಿ ಮಿಡಿಗೆ ಕಲಸಿ. ಒದ್ದೆ ಸೌಟು ಮುಟ್ಟಿಸದಿದ್ರೆ ವರ್ಷಗಟ್ಟಲೆ ಕೆಡಲ್ಲ. ಮುತ್ತಜ್ಜಿಯ ಆ ಭರಣಿ ಊರು ಮುಳುಗಿದ ಮೇಲೂ ಮೂರು ಮಳೆಗಾಲ ನಡೀತಂತೆ. ಕೊನೇ ಮಿಡಿ ಯಾರು ತಿಂದರು ಅನ್ನೋದು ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ 😅

5/5 ಈಗ ಯಾಕೆ ಹೇಳ್ತಿದೀನಿ ಅಂದ್ರೆ
ಹಿನ್ನೀರಿನ ಆಚೆ ಉಳಿದ ಕರೂರು ಹೋಬಳಿಯವರು ದಶಕಗಟ್ಟಲೆ ಲಾಂಚ್‌ಗೆ ಕಾದರು. ಸಿಗಂದೂರು ಸೇತುವೆ ತೆರೆದಿದ್ದು 2025ರ ಜುಲೈನಲ್ಲಿ. ಎದ್ದು ಹೋದ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿವೆ. ಅಪ್ಪೆಮಿಡಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಆದ್ರೆ ಮಿಡಿಗಾಗಿ ಕೊಂಬೆಯನ್ನೇ ಕಡಿಯೋದು ನಿಂತಿಲ್ಲ. ಇನ್ನೊಂದು ಲೆಕ್ಕ: 1964ರಲ್ಲಿ ಹತ್ತು ವರ್ಷದವರಿಗೆ ಈಗ ಎಪ್ಪತ್ತು ದಾಟಿದೆ. ಮುಳುಗಿದ ಊರಿನ ದಾರಿ, ಮರ, ರುಚಿ ನೆನಪಿರೋರು ಇವರೇ ಕೊನೆ.

ಆದ್ರಿಂದ ಒಂದು ಕೆಲಸ ಮಾಡಿ. ಈ ವಾರ ಮನೆಯ ಹಿರಿಯರ ಹತ್ರ ಒಂದು ಅಡುಗೆ ಕೇಳಿ. ಅಳತೆ ಮಾತ್ರ ಅಲ್ಲ. ಆ ಕಾಯಿ ಯಾವ ಮರದ್ದು, ಆ ಮರ ಎಲ್ಲಿತ್ತು, ಯಾರು ಹತ್ತಿ ಕೊಯ್ತಿದ್ರು ಅಂತಾನೂ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ. ನೀವು ಕೇಳಿದ್ದು ಒಂದು ಸಾರಿನ ಕತೆ ಆಗಿರುತ್ತೆ, ಅವರು ಹೇಳೋದು ಒಂದು ಊರಿನ ನಕ್ಷೆ.

ನಿಮ್ಮನೆಯ ಮರಕ್ಕೆ ಹೆಸರಿದ್ರೆ ಕಾಮೆಂಟಲ್ಲಿ ಬರೀರಿ 💚

#ನಮ್ಮೂರಕತೆ #ಶರಾವತಿ #ಅಪ್ಪೆಮಿಡಿ #ಮಲೆನಾಡು